ಸೋಪಿನ ಚೂರು

“ತಗೋ, ಕುಡಿ. ಎಲ್ಲಾ ನಿನ್ನ ಕೈಗುಣ!”

ಭಾವ ಗಾಜಿನ ಬಟ್ಟಲನ್ನು ಹೆಂಡತಿಯ ತಮ್ಮನ ಮೂಗಿನ ನೇರಕ್ಕೇ ಹಿಡಿದ. ಗುಲಾಬಿ ಬಣ್ಣದ ಐಸ್‌ಕ್ರೀಮು ಪೂರ್ತಿ ನೀರಾಗಿ, ಚಮಚ ಅದರಲ್ಲಿ ಓರೆಯಾಗಿ ಬಿದ್ದಿತ್ತು. ತಮ್ಮ ಇನ್ನೂ ಹೆಗಲ ಮೇಲಿನ ಚೀಲ ಇಳಿಸಿರಲಿಲ್ಲ. ಒಂದು ಚಪ್ಪಲಿ ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು.

“ಇವನೇ ಸಾರ್ ನನ್ನ ಬಾಮೈದ,” ಎಂದು ಭಾವ ಸೋಫಾದ ಕಡೆ ತಿರುಗಿ ಹಲ್ಲು ಕಿರಿದ. “ಒಂಬತ್ತನೇ ಕ್ಲಾಸಿಗೇ ಪುಸ್ತಕಕ್ಕೆ ಕೈಮುಗಿದ ಮಹಾನುಭಾವ. ಹೋದ ವಾರ ಬಂದು ಫ್ರಿಜ್ ಸರಿ ಮಾಡಿದೀನಿ ಅಂದ. ಈಗ ಅದಕ್ಕಿಂತ ನಮ್ಮ ಬಟ್ಟೆ ಬೀರು ತಣ್ಣಗಿದೆ!”

ಸೋಫಾದಲ್ಲಿದ್ದವರು ಭಾವನ ಕಾರ್ಖಾನೆಯ ಸಾಹೇಬರು. ಪಕ್ಕದಲ್ಲಿ ಅವರ ಹೆಂಡತಿ. ಆಕೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಕ್ಕರು. ಅಕ್ಕನ ಅತ್ತೆ ನಾಚಿಕೆಯೇ ಇಲ್ಲದೆ ಜೋರಾಗಿ ನಕ್ಕಳು. ಸಾಹೇಬರು ಮಾತ್ರ ನಗಬೇಕೋ ಬೇಡವೋ ಗೊತ್ತಾಗದೆ ತಮ್ಮ ಬಟ್ಟಲನ್ನೇ ನೋಡುತ್ತ ಕೂತರು. ಅಡುಗೆಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳು ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ತಮ್ಮನ ಕಿವಿ ಕಾದುಹೋಯಿತು. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಹೊಟ್ಟೆ ಉರಿದದ್ದು ಅದಕ್ಕೇ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ, ಹಾಲು ಇಡುವ ದೊಡ್ಡ ತಣ್ಣನೆ ಕೋಣೆ ಇತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಕಾಯಂ ಮನುಷ್ಯ ಬೇಕಾಗಿದ್ದ. “ಸಾಹೇಬ್ರು ಊಟಕ್ಕೆ ಬಂದಾಗ ನಿನ್ನ ವಿಷಯ ಕಿವಿಗೆ ಹಾಕ್ತೀನಿ” ಎಂದು ಭಾವ ತಾನಾಗಿಯೇ ಹೇಳಿದ್ದ. ಹಾಗಾಗಿ ಫೋನಿನಲ್ಲಿ “ಈಗಲೇ ಬಾ” ಅಂದಾಗ ಇವನು ಹಿಗ್ಗಿ, ಎತ್ತಿಟ್ಟ ಅಂಗಿ ತೊಟ್ಟು, ತಲೆಗೆ ನೀರು ಸವರಿ ಬಾಚಿಕೊಂಡು ಓಡಿಬಂದಿದ್ದ. ಬೀದಿ ಬೀದಿ ಅಲೆದು, ಫ್ರಿಜ್ ರಿಪೇರಿಗೆಂದು ಕಂಡವರ ಅಡುಗೆಮನೆಯಲ್ಲಿ ಮಂಡಿಯೂರಿ ಕೂರುವ ಬಾಳು ಇವತ್ತಿಗೆ ಮುಗೀತು ಅಂದುಕೊಂಡಿದ್ದ.

“ನೋಡ್ತೀನಿ ಬಿಡಿ ಭಾವ,” ಎಂದು ಹಲ್ಲು ಕಚ್ಚಿ, ಇನ್ನೊಂದು ಚಪ್ಪಲಿಯನ್ನೂ ಕಳಚಿ ಅಡುಗೆಮನೆಗೆ ನುಗ್ಗಿದ.

ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ದೀಪ ಉರಿಯಿತು. ಕರೆಂಟಿನ ತಕರಾರಲ್ಲ. ಬಗ್ಗಿ ಹಿಂದುಗಡೆ ಕೈ ಹಾಕಿದ. ಕಂಪ್ರೆಸರು ಓಡುತ್ತಿತ್ತು, ಮುಟ್ಟಿದರೆ ಸುಡುವಷ್ಟು ಬಿಸಿ. ಆದರೆ ಬೆನ್ನಿನ ಕಪ್ಪು ಜಾಲರಿ ಬೆಚ್ಚಗೂ ಇರಲಿಲ್ಲ. ತಂಪು ಮಾಡುವ ಗ್ಯಾಸ್ ಒಳಗೆ ಸುತ್ತುತ್ತಿದ್ದರೆ ಅಲ್ಲಿ ಶಾಖ ಇರಲೇಬೇಕು. ಫ್ರೀಜರಿನ ಗೋಡೆಗೆ ಕಿವಿಯಿಟ್ಟ. ಒಳಗೆ ಗ್ಯಾಸ್ ಹರಿಯುವಾಗ ಕೇಳುವ ಸಣ್ಣ ಗುಳುಗುಳು ಇಲ್ಲ. ಖಾಲಿ ಹೊಟ್ಟೆಯ ಯಂತ್ರ ಸುಮ್ಮನೆ ಗೊರಕೆ ಹೊಡೆಯುತ್ತಿತ್ತು.

ನನ್ನ ಕೈಯಿಂದಲೇ ಏನಾದರೂ ಆಯಿತೇ? ಹೋದ ವಾರ ಅವನು ಮಾಡಿದ್ದು ಸಣ್ಣ ಕೆಲಸ. ಬಾಗಿಲಿನ ರಬ್ಬರು ಸಡಿಲಾಗಿ, ಹೊರಗಿನ ಗಾಳಿ ನುಗ್ಗಿ ಫ್ರೀಜರಿನಲ್ಲಿ ಮಂಜು ಗಡ್ಡೆಕಟ್ಟಿತ್ತು. ಅದರಿಂದಲೇ ಕೆಳಗಿನ ತರಕಾರಿ ಬಾಡುತ್ತಿತ್ತು. ರಬ್ಬರಿಗೆ ಬಿಸಿನೀರು ಹಾಕಿ ಮೆತ್ತಗೆ ಮಾಡಿ ಕೂರಿಸಿದ್ದ. “ರಾತ್ರಿ ಈ ಗುಂಡಿ ಒತ್ತಿ ಮಲಕ್ಕೊಳ್ಳಿ, ಫ್ರಿಜ್ ಆಫ್ ಆಗಿ ಬೆಳಗ್ಗೆಗೆ ಮಂಜೆಲ್ಲಾ ತಾನೇ ಕರಗುತ್ತೆ. ಯಾವ ಕಾರಣಕ್ಕೂ ಚಾಕು ಹಾಕಬೇಡಿ,” ಎಂದು ಬಾಯಿಬಿಟ್ಟು ಹೇಳಿದ್ದ. ಫ್ರೀಜರಿನ ತಗಡಿನೊಳಗೇ ಗ್ಯಾಸಿನ ದಾರಿ ಇರುತ್ತದೆ. ತಗಡಾದರೋ ಹಪ್ಪಳದಷ್ಟು ತೆಳು.

ಫ್ರೀಜರಿನೊಳಗೆ ಟಾರ್ಚು ಬಿಟ್ಟ. ಈಗ ಅಲ್ಲಿ ಮಂಜಿನ ಸುಳಿವೇ ಇಲ್ಲ, ಒದ್ದೆ ತಗಡು. ತಳದ ಮೂಲೆಯಲ್ಲಿ ಉದ್ದುದ್ದ ಗೀರುಗಳು, ಹೊಸವು, ಇನ್ನೂ ಮಿರಮಿರ ಹೊಳೆಯುತ್ತಿದ್ದವು. ಗೀರುಗಳೆಲ್ಲ ಕೂಡುವ ಕಡೆ ಏನೋ ಹಸಿರಾಗಿ ಅಂಟಿತ್ತು. ಉಗುರಿನಿಂದ ಕೆರೆದು ಮೂಸಿದ.

ಸೋಪು. ಬಟ್ಟೆ ಒಗೆಯುವ ಸೋಪಿನ ಚೂರು. ಮೇಲೆ ಹೆಬ್ಬೆರಳು ಒತ್ತಿದ ಗುರುತು ಅಚ್ಚು ಹೊಡೆದ ಹಾಗಿತ್ತು.

ತಮ್ಮ ಹಾಗೇ ಮಂಡಿಯ ಮೇಲೆ ಕೂತುಬಿಟ್ಟ. ತವರಿನಲ್ಲಿ ತಳ ಸೀಳಿದ ಒಂದು ಬಕೆಟ್ಟಿತ್ತು. ನೀರು ಸೋರದಂತೆ ಸೀಳಿಗೆ ಸೋಪು ತಿಕ್ಕಿ ಮೆತ್ತುವುದನ್ನು ಅವನೇ ಕಂಡುಹಿಡಿದು ಅಕ್ಕನಿಗೆ ಹೇಳಿಕೊಟ್ಟಿದ್ದ. “ನಮ್ಮನೆ ಇಂಜಿನಿಯರು ಬಂದ, ದಾರಿ ಬಿಡ್ರೋ!” ಎಂದು ಅಕ್ಕ ಆವತ್ತು ಎಲ್ಲರಿಗೂ ಕೇಳುವಂತೆ ಕೂಗಿದ್ದಳು. ಶಾಲೆ ಬಿಟ್ಟವನನ್ನು ಹಾಗೆ ಕರೆದವಳು ಅವಳೊಬ್ಬಳೇ. ಆ ಬಕೆಟ್ಟಿನ ವಿದ್ಯೆಯನ್ನೇ ಅವಳು ಇಲ್ಲಿ, ಬುಸ್ಸೆಂದು ಗ್ಯಾಸ್ ಹಾರುವ ತೂತಿಗೆ ಹಾಕಿದ್ದಳು.

“ಅಕ್ಕ, ಬಾ ಇಲ್ಲಿ.”

ಬಂದಳು. ಕೈ ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

“ಚಾಕು ಹಾಕಿದ್ಯಾ?”

“ಇಲ್ವಲ್ಲ.”

“ನನ್ನ ಮುಖ ನೋಡಿ ಹೇಳೇ.”

“ಮೆಲ್ಲಗೆ ಮಾತಾಡೋ ಮಾರಾಯ. ಮೊದಲಿಂದಾನೇ ಹಾಗಿತ್ತೇನೋ. ಹೋದ ವಾರ ನೀನೇ ಏನೇನೋ ಬಿಚ್ಚಿದ್ದೆಯಲ್ಲ.”

ಭಾವನ ಬಟ್ಟಲಿಗಿಂತ ಈ ಮಾತು ಆಳಕ್ಕೆ ನಾಟಿತು. ತಮ್ಮ ಅಂಗೈ ಬಿಚ್ಚಿ ಸೋಪಿನ ಚೂರು ತೋರಿಸಿದ.

ಅಕ್ಕನ ಮುಖದ ರಕ್ತ ಇಳಿಯಿತು. ನಡುಮನೆಯ ಕಡೆ ಒಮ್ಮೆ ನೋಡಿ, ಉಸಿರಿನಲ್ಲೇ ಹೇಳಿದಳು: “ರಾತ್ರಿ ಆಫ್ ಮಾಡಿದ್ರೆ ಹಾಲು ಕೆಡುತ್ತೆ ಅಂತ ಅತ್ತೆ ಬಿಡ್ಲಿಲ್ಲ ಕಣೋ. ಇವತ್ತು ಬೆಳಗ್ಗೆ ಮಂಜಿಗೆ ಐಸ್‌ಕ್ರೀಮ್ ಡಬ್ಬ ಒಳಗೆ ಹಿಡಿಸ್ಲಿಲ್ಲ. ಬೇಗ ಬೇಗ ಅಂದ್ರು. ಚಾಕುವಲ್ಲಿ ಕೆರೀತಿದ್ದೆ, ಒಂದೇ ಏಟು ಜೋರಾಗಿ ಬಿತ್ತು, ಬುಸ್ ಅಂತು.” ಮತ್ತೆ ನಡುಮನೆಯತ್ತ ಕಣ್ಣು ಹಾಯಿಸಿದಳು. “ಮಿಕ್ಸಿ ಸುಟ್ಟಾಗ ಏನಾಯ್ತು ಅಂತ ನಿನಗೆ ಗೊತ್ತಲ್ಲ.”

ಗೊತ್ತಿತ್ತು. ಅದೊಂದು ಮಿಕ್ಸಿಗೆ ಭಾವ ಅವಳನ್ನು ತವರಿನ ಬಾಗಿಲಲ್ಲಿ ಇಳಿಸಿ ತಿರುಗಿಯೂ ನೋಡದೆ ಹೋಗಿದ್ದ. ಅಮ್ಮ ನಾಲ್ಕಾರು ಸಲ ಬಂದು ಇವರ ಕೈಕಾಲು ಹಿಡಿದ ಮೇಲೆಯೇ ಕರೆಸಿಕೊಂಡಿದ್ದು. ಈಗಂತೂ ಸಾಹೇಬರ ಮುಂದೆ ಮಾನ ಹೋಗಿದೆ.

“ಏನದು ಅಕ್ಕ ತಮ್ಮಂದು ಗುಸುಗುಸು?” ಅತ್ತೆಯ ದನಿ ಹತ್ತಿರವಾಯಿತು. “ಫ್ರಿಜ್ ಸರಿ ಮಾಡ್ತಿದೀರೋ, ಮಂತ್ರ ಹಾಕ್ತಿದೀರೋ?”

ಅಕ್ಕ ತಟ್ಟನೆ ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟಳು. ತಮ್ಮ ಮುಷ್ಟಿ ಮುಚ್ಚಿ, ಚೀಲ ಹೆಗಲಿಗೇರಿಸಿ ಹೊರಗೆ ಬಂದ.

“ಏನಾಗಿದೆಯಪ್ಪ?” ಎಂದರು ಸಾಹೇಬರು. ದನಿಯಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಿತ್ತು ಅವರಿಗೆ.

“ಗ್ಯಾಸ್ ಖಾಲಿಯಾಗಿದೆ ಸಾರ್.”

“ಅದು ಸುಮ್ಮಸುಮ್ಮನೆ ಖಾಲಿ ಆಗಲ್ವಲ್ಲ. ಹೇಗಾಯ್ತು?”

ಇದೇ ಮಾತಿಗಾಗಿ ಅವನು ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಒಂದು ಮಾತು ಸಾಕಿತ್ತು. ಬನ್ನಿ ಸಾರ್, ಈ ಗೀರು ನೋಡಿ, ಇದು ಚಾಕು, ಇದು ನನ್ನ ಕೆಲಸ ಅಲ್ಲ. ಅಷ್ಟಂದರೆ ಕ್ಯಾಂಟೀನಿನ ಬಾಗಿಲು ತೆರೆಯುತ್ತಿತ್ತು, ಭಾವನ ಹಲ್ಲು ಒಳಗೆ ಹೋಗುತ್ತಿತ್ತು. ಆಮೇಲೆ ಸಾಹೇಬರು ಎದ್ದು ಹೋಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತದೆ, ಒಳಗೆ ಅಕ್ಕ ಇರುತ್ತಾಳೆ.

ಅವನು ಅಡುಗೆಮನೆ ಬಾಗಿಲು ನೋಡಿದ. ಅಕ್ಕ ಬಂದು ನಿಂತಿದ್ದಳು. ನೀನೇ ಹೇಳೇ, ಎಂದು ಕಣ್ಣಲ್ಲೇ ಕೇಳಿದ. ಚಾಕು ಹಾಕಿದ್ದು ನಾನು ಅಂತ ಹೇಳಬೇಡ. ನನ್ನ ತಮ್ಮನ ತಪ್ಪಲ್ಲ ಅಂತಷ್ಟೇ ಹೇಳು, ಸಾಕು.

ಅಕ್ಕ ಮುಂದೆ ಬಂದಳು. ಮೇಜಿನ ಮೇಲಿನ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು.

“ಹೇಳೋ! ನಾಲಿಗೆಗೂ ಮಂಜು ಹಿಡೀತಾ?” ಎಂದ ಭಾವ. “ನೋಡಿ ಸಾರ್, ಇಂಥವನ ಪರ ನಿಮ್ಮ ಹತ್ರ ಮಾತಾಡೋಣ ಅಂದ್ಕೊಂಡಿದ್ದೆ. ಸದ್ಯ, ನನ್ನ ಮರ್ಯಾದೆ ಉಳೀತು.”

ಸಾಹೇಬರು ತಮ್ಮನನ್ನು ಇನ್ನೊಂದು ಗಳಿಗೆ ನೋಡಿದರು. ಕಾದರು ಅಂತಲೇ ಅನ್ನಬೇಕು. ಆಮೇಲೆ ವಾಚಿನ ಕಡೆ ಕಣ್ಣು ಹೊರಳಿಸಿ, “ಬರ್ತೀವಿ ಹಾಗಾದ್ರೆ,” ಎಂದು ಎದ್ದರು.

ತಮ್ಮನ ಮುಷ್ಟಿಯಲ್ಲಿ ಸೋಪು ಬೆವರಿಗೆ ಕರಗಿ ಲೋಳೆಯಾಗಿತ್ತು. ಅವನು ಹೊಸಿಲು ದಾಟಿ, ಬಿಟ್ಟ ಚಪ್ಪಲಿಯೊಳಗೆ ಕಾಲು ತೂರಿಸಿದ.

ಅಕ್ಕ ಬಾಗಿಲ ತನಕ ಓಡಿಬಂದಳು. ಕೈಯಲ್ಲಿ ಬಟ್ಟಲುಗಳ ಗೋಪುರ ಹಾಗೇ ಇತ್ತು.

“ಲೋ, ಊಟ ಮಾಡ್ಕೊಂಡು ಹೋಗೋ... ನಿನಗೆ ಅಂತ ತೆಗೆದಿಟ್ಟಿದೀನಿ ಕಣೋ.”

ಅವನು ಮೆಟ್ಟಿಲು ಇಳಿದ. ಕೆಳಗಿನ ಮನೆಯ ಗೋಡೆಗೆ ಕೈ ಒರೆಸಿದಾಗ ಅಲ್ಲಿ ಹಸಿರು ಗೀಟೊಂದು ಉಳಿಯಿತು. ಮೇಲಿನಿಂದ ಅಕ್ಕ ಇನ್ನೊಮ್ಮೆ ಕರೆದಳು. ಅವನು ಚೀಲವನ್ನು ಹೆಗಲು ಬದಲಿಸಿಕೊಂಡು ಬೀದಿಗಿಳಿದ.