ಮೂಲೆಯ ಸುಳಿ

ಚಾಕುವಿನ ಮೊನೆ ಎರಡು ಪದರಗಳನ್ನೂ ಒಂದೇ ಸಲಕ್ಕೆ ದಾಟಬೇಕು. ಮೇಲೆ ಕೆಂಪು ಉಣ್ಣೆಯ ಹಾಳೆ, ಕೆಳಗೆ ಕಂದು. ಜೂರಕಾನ್ ಮೊಣಕಾಲೂರಿ ಕೂತು, ಸೀಮೆಸುಣ್ಣದ ಗೆರೆಯ ಮೇಲೆ ಚಾಕುವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಕೆಂಪಿನಿಂದ ಬಿಡಿಸಿಕೊಂಡ ತುಂಡು ಕಂದಿನ ತೂತಿನಲ್ಲಿ ಕೂರುತ್ತದೆ, ಕಂದಿನದು ಕೆಂಪಿನಲ್ಲಿ. ಹೀಗೆ ಒಂದು ಶಿರ್ದಾಕ್ ಹಾಸು ಮಾಡಲು ಹೊರಟವಳಿಗೆ ಯಾವಾಗಲೂ ಎರಡು ಸಿಗುತ್ತವೆ. ಉಗುರಿನಷ್ಟು ಉಣ್ಣೆಯೂ ದಂಡವಾಗುವುದಿಲ್ಲ. ಆದರೆ ಬಾಗಿನ ನಡುವೆ ಕೈ ನಿಲ್ಲಿಸಿದರೆ ಎರಡೂ ಕೆಡುತ್ತವೆ.

ಜೊತೆಯಲ್ಲಿ ಹಾಸು ಮಾಡುವ ಪಕ್ಕದ ಮನೆಯ ಸಾಲ್ಕಿನ್ ಒಳಗೆ ಬಂದದ್ದು ಇಂಥ ಒಂದು ಬಾಗಿನ ನಡುವೆ. ಬೂಟು ಕಳಚುತ್ತಲೇ ಕೂಗಿದಳು. "ಜೂರಾ, ಚಾಕು ಕೆಳಗಿಡು. ಇದನ್ನ ನೋಡಿದ್ರೆ ಕೈ ಕುಯ್ಕೋತೀಯ."

"ಈ ಬಾಗು ಮುಗೀಲಿ, ತಡಿಯೇ."

"ನಿನ್ನ ಬಾಗನ್ನೇ ತಂದಿದೀನಿ. ಫೋನಲ್ಲಿದೆ, ನೋಡು."

ಒಲೆಯ ಪಕ್ಕ ಹಾಸಿನ ಮೇಲೆ ಕೂತು ನೂಲು ಹುರಿಗೊಳಿಸುತ್ತಿದ್ದ ಅತ್ತೆ ತಲೆ ಎತ್ತಿದರು. "ಯಾರಾದ್ರೂ ಸತ್ರೇನೇ?"

"ಇಲ್ಲ ಅತ್ತೆ."

"ಮತ್ತ್ಯಾಕೆ ಇವಳು ಹಿಂಗೆ ಕಿರುಚ್ತಾಳೆ?"

ರಾಜಧಾನಿಯಲ್ಲಿರುವ ಸಾಲ್ಕಿನ್‌ಳ ಸೊಸೆ ಒಂದು ಅಂಗಡಿಯೊಳಗೆ ನಿಂತು ತೆಗೆದು ಕಳಿಸಿದ ಚಿತ್ರಗಳು. ದಿಂಬಿನ ಚೀಲ, ಕೈಚೀಲ, ಮೇಜಿನ ಹೊದಿಕೆ, ಎಲ್ಲದರ ಮೇಲೂ ಜೂರಕಾನ್‌ಳ ವಿನ್ಯಾಸ. ಬಳುಕಿ ಬರುವ ಎರಡು ಗೆರೆಗಳು, ಇನ್ನೇನು ಮುಟ್ಟುತ್ತವೆ ಎನ್ನುವಾಗ ಹೊರಳಿ ದೂರ ಹೋಗುತ್ತವೆ. ನಾಲ್ಕು ಮೂಲೆಯಲ್ಲಿ ನಾಲ್ಕು ಸುಳಿ.

"ಉಣ್ಣೆಯೂ ಅಲ್ಲ ಕಣೇ, ಬರೀ ಬಟ್ಟೆ ಮೇಲೆ ಅಚ್ಚೊತ್ತಿದಾರೆ," ಎಂದಳು ಸಾಲ್ಕಿನ್. "ಪುರಾತನ ಜನಪದ ವಿನ್ಯಾಸ, ನಮ್ಮ ಕಲಾವಿದೆ ಹುಡುಕಿ ರೂಪಿಸಿದ್ದು ಅಂತ ಚೀಟಿ ಬೇರೆ. ಅಷ್ಟೇ ಆಗಿದ್ರೆ ನಾನು ಓಡಿ ಬರ್ತಿರ್ಲಿಲ್ಲ. ಸರೋವರದ ದಡದಲ್ಲಿ ನಾವು ಹಾಸು ಮಾರೋ ಪ್ರದರ್ಶನದವ್ರಿಗೆ ಈ ಅಂಗಡಿಯವ್ರು ಕಾಗದ ಬರ್ದಿದಾರಂತೆ, ಹಳ್ಳಿ ಹೆಂಗಸರು ನಮ್ಮದನ್ನ ನಕಲು ಮಾಡ್ತಿದಾರೆ ಅಂತ. ಪ್ರದರ್ಶನದವ್ರು ಹೇಳ್ತಾರೆ, ಯಾರು ನೋಂದಣಿ ಕಾಗದ ತರ್ತಾರೋ ಅವ್ರಿಗೇ ಜಾಗ. ಇಲ್ದಿದ್ರೆ ಈ ಹಾಸನ್ನ ನಾವು ಜೂನ್‌ನಲ್ಲಿ ಅಲ್ಲಿ ಬಿಚ್ಚೋ ಹಂಗೇ ಇಲ್ಲ."

ಜೂರಕಾನ್ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಎರಡು ವರ್ಷದ ಹಿಂದೆ ರಾಜಧಾನಿಯ ಅಂಗಡಿಯಿಂದ ಬಂದು ಇದೇ ಕೋಣೆಯಲ್ಲಿ ಕೂತು ಚಹಾ ಕುಡಿದಿದ್ದ ಹುಡುಗಿಯ ನೆನಪಾಯಿತು. ತುಂಬ ವಿನಯದ ಹುಡುಗಿ. ಜೋಡಿಯಲ್ಲಿ ಒಂದು ಹಾಸನ್ನು ಕೊಂಡಿದ್ದಳು, ಪುಟ್ಟ ಪುಸ್ತಕ ತೆಗೆದು, "ಈ ವಿನ್ಯಾಸ ಯಾರದು?" ಎಂದು ಕೇಳಿದ್ದಳು. "ನಮ್ಮ ಹಿರಿಯರದು" ಎಂದಿದ್ದಳು ಜೂರಕಾನ್. ಹುಡುಗಿ ಹಾಗೇ ಬರೆದುಕೊಂಡಿದ್ದಳು.

ಈ ಊರಿನ ಯಾವ ಹೆಂಗಸನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ನನ್ನದು ಅನ್ನುವುದು ತನ್ನ ಕೂಸನ್ನು ತಾನೇ ಚಂದ ಎಂದು ಹೊಗಳಿದ ಹಾಗೆ. ಬಾಯಿಗೇ ಬರುವುದಿಲ್ಲ.

ಆದರೆ ಅದು ಹಿರಿಯರದಾಗಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಚಳಿಗಾಲ, ಗಂಡ ಮೆದೆರ್ ಕಟ್ಟಡದ ಕೆಲಸಕ್ಕೆಂದು ರಷ್ಯಾಕ್ಕೆ ಹೋಗಿದ್ದ. ದಿನಕ್ಕೆ ಆರು ಸಲ ಅವಳು ಮನೆಯ ಬಾಗಿಲಿನಿಂದ ಹಸುಗಳ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾಗಿಲಿಗೆ ನಡೆಯುತ್ತಿದ್ದಳು. ಬೇರೆ ಯಾವ ಹೆಜ್ಜೆಯೂ ಆ ಹಿಮದ ಮೇಲೆ ಬೀಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೊಸ ಹಿಮ ಬಿದ್ದು ಅರ್ಧ ಮುಚ್ಚಿದ್ದ ಆ ಎರಡು ದಾರಿಗಳನ್ನು ಹೊಸ್ತಿಲಲ್ಲಿ ನಿಂತು ನೋಡಿದಳು. ಹೋದ ದಾರಿ ಒಂದು, ಬಂದ ದಾರಿ ಒಂದು, ಹತ್ತಿರ ಬಂದು ದೂರ ಸರಿದು. ಒಳಗೆ ಬಂದು ಸೀಮೆಸುಣ್ಣ ಹುಡುಕಿದಳು. ಇಷ್ಟೇ ಆದದ್ದು. ಯಾರಿಗೂ ಹೇಳಿರಲಿಲ್ಲ, ಹೇಳಲು ಅದರಲ್ಲಿ ಏನಿದೆ ಅನ್ನಿಸಿತ್ತು.

"ಸುಮ್ನೆ ಕೂತ್ಕೊಂಡ್ರೆ ಆಗಲ್ಲ," ಎಂದಳು ಸಾಲ್ಕಿನ್. "ನಾಡಿದ್ದು ರಾಜಧಾನಿಗೆ ಹೋಗೋಣ. ನಾನು ವಿಚಾರಿಸಿದೀನಿ, ಅದಕ್ಕೊಂದು ಕಚೇರಿ ಇದೆ."

"ವಿನ್ಯಾಸಕ್ಕೂ ಕಚೇರಿ," ಅತ್ತೆ ನೂಲಿನ ಕಡೆ ನೋಡಿಕೊಂಡೇ ಅಂದರು. "ಇನ್ನು ಮೋಡಕ್ಕೊಂದು ಮಾಡ್ತಾರೆ."

*

ಕಚೇರಿಯ ಹೆಂಗಸಿನ ಹೆಸರು ನಾಜಿರಾ. ಮೂವತ್ತರ ಆಸುಪಾಸು, ನೆಗಡಿಯಾಗಿತ್ತು, ಎರಡು ಮಾತಿಗೊಮ್ಮೆ ಕರವಸ್ತ್ರ ಹುಡುಕುತ್ತಿದ್ದಳು. ಸಾಲ್ಕಿನ್ ಫೋನು ತೋರಿಸಿ ಎಲ್ಲವನ್ನೂ ಎರಡು ಸಲ ಹೇಳುವವರೆಗೂ ತಾಳ್ಮೆಯಿಂದ ಕೇಳಿಸಿಕೊಂಡಳು.

"ನೋಡಿ ಅಕ್ಕ, ನೀವು ಅದನ್ನ ಮಾಡಿದ ದಿನಾನೇ ನಿಮ್ಮ ಹಕ್ಕು ಹುಟ್ಟಿರುತ್ತೆ. ನಾವು ಕೊಡೋದೇನಲ್ಲ ಅದು. ನಾವು ಬರೀ ಪುಸ್ತಕದಲ್ಲಿ ಬರ್ಕೊಂಡು ಒಂದು ಕಾಗದ ಕೊಡ್ತೀವಿ. ನಾಳೆ ಯಾರಾದ್ರೂ ತಕರಾರು ತೆಗೆದ್ರೆ ತೋರ್ಸೋಕೆ. ಜೋಡಿ ಹಾಸು ಮನೇಲಿದೆ ಅಂದ್ರಲ್ಲ, ಅದರದೊಂದು ಒಳ್ಳೆ ಫೋಟೋ ಬೇಕು. ಒಂದೇ ಚಾಕು ಹೋಗಿರೋ ಗೆರೆ ಎರಡರಲ್ಲೂ ಒಂದೇ ಇರುತ್ತಲ್ವಾ?"

"ನಿಮಗೆ ಹೆಂಗೆ ಗೊತ್ತು?" ಎಂದಳು ಜೂರಕಾನ್. ಅವಳು ಅಲ್ಲಿ ಆಡಿದ ಮೊದಲ ಮಾತು ಅದು.

"ನಮ್ಮಜ್ಜಿ ಮಾಡ್ತಿದ್ರು," ಎಂದು ನಾಜಿರಾ ಸೀನಿದಳು.

ಅರ್ಜಿಯಲ್ಲಿ ಕೇಳಿದ್ದು ಹೆಚ್ಚೇನಿರಲಿಲ್ಲ. ಮಾಡಿದವರ ಹೆಸರು. ಮಾಡಿದ ವರ್ಷ. ಕೃತಿ ಹೇಗೆ ರೂಪುಗೊಂಡಿತು. ಇದರಲ್ಲಿ ಬೇರೆಯವರ ರಚನೆ ಸೇರಿದ್ದರೆ, ಅದು ಯಾವ ಭಾಗ, ಯಾರದು. ಜೂರಕಾನ್ ಶಾಲೆಯಲ್ಲಿ ಕಲಿತ ದುಂಡು ಅಕ್ಷರದಲ್ಲಿ ತುಂಬಿ, ಕೊನೆಯದನ್ನು ಖಾಲಿ ಬಿಟ್ಟು ಹಾಳೆಯನ್ನು ಮುಂದೆ ಸರಿಸಿದಳು.

ನಾಜಿರಾ ಓದಿದಳು. ಮತ್ತೊಮ್ಮೆ ಓದಿದಳು. "ಹೇಗೆ ರೂಪುಗೊಂಡಿತು ಅನ್ನೋ ಕಡೆ 'ನಮ್ಮ ಹಿರಿಯರಿಂದ ಬಂದದ್ದು' ಅಂತ ಬರ್ದಿದೀರಲ್ಲ ಅಕ್ಕ."

ಜೂರಕಾನ್‌ಳಿಗೆ ತಾನು ಹಾಗೆ ಬರೆದದ್ದು ಆಗಲೇ ಗೊತ್ತಾದದ್ದು.

"ಅಯ್ಯೋ ನಿನ್ನ!" ಎಂದಳು ಸಾಲ್ಕಿನ್. "ಮುನ್ನೂರು ಕಿಲೋಮೀಟರ್ ಕುಲುಕಾಡ್ಕೊಂಡು ಬಂದದ್ದು ಇದನ್ನ ಬರಿಯೋಕಾ?"

"ಮರ್ಯಾದೆಗೆ ಬರ್ದೆ," ಎಂದಳು ಜೂರಕಾನ್.

"ಹಿಂಗೇ ಕೊಟ್ರೆ ನಾನೇ ವಾಪಸ್ ಕಳಿಸ್ಬೇಕಾಗುತ್ತೆ," ಎಂದಳು ನಾಜಿರಾ. "ಹಿರಿಯರದು ಅಂದ್ರೆ ಎಲ್ಲರದೂ. ಅದನ್ನ ಅಂಗಡಿಯವರೂ ಮಾಡ್ಬಹುದು, ಬೀದೀಲಿ ಹೋಗೋರೂ ಮಾಡ್ಬಹುದು. ಕಾನೂನು ಅದಕ್ಕೆ ಕಾವಲು ನಿಲ್ಲಲ್ಲ. ಈಗ ಹೇಳಿ. ನಿಮ್ಮದಾ, ಹಿರಿಯರದಾ?"

"ಅವಳದ್ದೇ! ನಾನು ಸಾಕ್ಷಿ!"

"ನಿಮ್ಮನ್ನ ಕೇಳ್ತಿಲ್ಲ ಅಕ್ಕ. ಇವರು ಹೇಳ್ಲಿ."

ಜೂರಕಾನ್ ಬಾಯಿ ತೆರೆದಳು. ಮೇಜಿನ ಮೇಲೆ ಒಂದು ಪುಟ್ಟ ಕಳ್ಳಿಗಿಡವಿತ್ತು, ಅದನ್ನೇ ನೋಡಿದಳು. ಮುಖ ಬಿಸಿಯಾಯಿತು. ಹಸೆಗೆ ಕೂತ ದಿನವೂ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ.

ನಾಜಿರಾ ಖಾನೆಯಿಂದ ಹೊಸ ಅರ್ಜಿ ತೆಗೆದಳು. "ಮನೇಲಿ ಕೂತು ಬರೀರಿ. ಫೋಟೋ ಜೊತೆ ತನ್ನಿ. ಕೆಳಗೆ ಸಹಿ ನಿಮ್ಮದು, ಪ್ರತಿ ಸಾಲಿಗೂ ನೀವೇ ಹೊಣೆ. ಸುಳ್ಳು ಬರೀಬೇಡಿ. ನಿಜಾನ ಕಮ್ಮಿನೂ ಮಾಡ್ಬೇಡಿ."

ಬಾಡಿಗೆ ಕಾರಿನಲ್ಲಿ ಸಾಲ್ಕಿನ್ ಮುನಿಸಿಕೊಂಡು ಕೂತಳು. "ಅವ್ರಿಗೆ ಕದಿಯೋಕೆ ನಾಚಿಕೆ ಇಲ್ಲ, ನಿಂಗೆ ಹೆಸರು ಬರಿಯೋಕೆ ನಾಚಿಕೆ," ಎಂದು ಒಮ್ಮೆ ಅಂದು, ಕಮರಿ ಬರುವ ಹೊತ್ತಿಗೆ ನಿದ್ದೆ ಹೋದಳು. ಜೂರಕಾನ್ ಕಿಟಕಿಗೆ ಮುಖ ಹತ್ತಿರ ಮಾಡಿ ಮೆಲ್ಲಗೆ, "ನನ್ನದು," ಎಂದು ಹೇಳಿ ನೋಡಿದಳು.

ಚಾಲಕ ಕನ್ನಡಿಯಲ್ಲಿ ನೋಡಿದ. "ಏನಕ್ಕ? ಇಲ್ಲೇ ಇಳೀಬೇಕಾ?"

"ಇಲ್ಲ, ಇಲ್ಲ. ನಡಿ ತಮ್ಮ."

*

ಮರುದಿನ ಬೆಳಿಗ್ಗೆ ಅತ್ತೆಯನ್ನು ಆ ಜೋಡಿ ಹಾಸಿನಿಂದ ಎಬ್ಬಿಸುವುದೇ ಒಂದು ಕೆಲಸವಾಯಿತು. "ನಾಲ್ಕು ವರ್ಷದಿಂದ ಬೆಚ್ಚಗೆ ಕೂತಿದ್ದೆ. ಇದರ ಫೋಟೋ ತೆಗೀತಾರಂತೆ. ನಂದು ಯಾರೂ ತೆಗೆಯೋರಿಲ್ಲ," ಎಂದು ಗೊಣಗುತ್ತ ಅಂಗಳಕ್ಕೆ ಬಂದು ಬೆಂಚಿನ ಮೇಲೆ ಕೂತರು. ಸಾಲ್ಕಿನ್ ಏಣಿ ಹತ್ತಿ, ನೆರಳು ಬೀಳುತ್ತದೆಂದು ಇಬ್ಬರನ್ನೂ ಅತ್ತಿತ್ತ ಓಡಿಸಿ, ಹತ್ತು ಚಿತ್ರ ತೆಗೆದಳು. ತನ್ನ ಮನೆಯ ಒಲೆಯಲ್ಲಿ ರೊಟ್ಟಿ ಇದೆ ಎಂದು ನೆನಪಾಗಿ ಏಣಿಯನ್ನೂ ಅಲ್ಲೇ ಬಿಟ್ಟು ಓಡಿದಳು.

ಬಿಸಿಲು ಹದವಾಗಿತ್ತು. ಜೂರಕಾನ್ ಹಾಸಿನ ಮೇಲೆ ಅಂಟಿದ ಹುಲ್ಲಿನ ಕಡ್ಡಿಗಳನ್ನು ಹೆಕ್ಕುತ್ತಿದ್ದಳು.

"ಕಚೇರಿಯವಳು ಏನಂದ್ಲು?" ಅತ್ತೆ ಕೇಳಿದರು.

"ಹಿರಿಯರದು ಅಂತ ಬರ್ದೆ. ಆಗಲ್ಲ ಅಂದ್ಲು."

ಅತ್ತೆ ನಕ್ಕರು. ಉಳಿದಿದ್ದ ಮೂರು ಹಲ್ಲೂ ಕಂಡವು. "ಒಳ್ಳೇದಾಯ್ತು. ಇವತ್ತೋ ನಾಳೆಯೋ ನಾನು ಆ ಹಿರಿಯರ ಹತ್ರಾನೇ ಹೋಗೋಳು. ನಮ್ಮತ್ತೆ ಸಿಕ್ತಾಳೆ. 'ಇದ್ಯಾವಾಗ ನಾನು ಕತ್ತರಿಸಿದ್ದು? ಯಾಕೆ ನನ್ನ ತಲೆಗೆ ಕಟ್ಟಿದ್ರಿ?' ಅಂತ ಕೇಳ್ತಾಳೆ. ಏನು ಹೇಳ್ಲಿ ಅವಳಿಗೆ? ನಮ್ಮಲ್ಲಿ ಯಾರೂ ಇಂಥದ್ದನ್ನ ಕತ್ತರಿಸಿದ್ದೇ ಇಲ್ಲ. ನೀನು ಆ ಚಳಿಗಾಲ ಹಸೂನೂ ಮರ್ತು ನೆಲದ ಮೇಲೆ ಗೆರೆ ಎಳೀತಿದ್ಯಲ್ಲ, ನಾನು ಕಣ್ಣು ಮುಚ್ಕೊಂಡಿದ್ದೆ ಅಂದ್ಕೊಂಡ್ಯಾ?"

ಜೂರಕಾನ್ ಕಡ್ಡಿ ಹೆಕ್ಕುವುದನ್ನು ನಿಲ್ಲಿಸಿದಳು.

"ಮೂಲೆಗಳನ್ನ ಬಿಟ್ಟು ಎಲ್ಲಾ ನಿಂದೇ," ಎಂದರು ಅತ್ತೆ.

"ಮೂಲೆ ನಮ್ಮ ಹಳೇ ಹಾಸಿಂದು ಅತ್ತೆ. ಪೆಟ್ಟಿಗೇಲಿತ್ತಲ್ಲ, ಹರಿದಿದ್ದು, ಅದನ್ನ ನೋಡಿ ತೆಗೊಂಡೆ. ಅದು ನಿಜವಾಗ್ಲೂ ಹಿರಿಯರದು."

"ಹೂಂ. ಹಿರಿಯಳು ಇಲ್ಲೇ ಕೂತಿದಾಳೆ."

ಅತ್ತೆ ಕೋಲಿನ ತುದಿಯಿಂದ ಹಾಸಿನ ಒಂದು ಮೂಲೆಯನ್ನು ಮುಟ್ಟಿದರು. "ಮೆದೆರ್ ಆಗ ಆರು ತಿಂಗಳ ಕೂಸು. ಎದೆಗೆ ಹಾಕ್ಕೊಂಡ್ರೆ ಗಂಟೆಗಟ್ಟಲೆ ಬಿಡ್ತಿರ್ಲಿಲ್ಲ. ನನ್ನ ಕಣ್ಣೆದುರಿಗೆ ಅವನ ನೆತ್ತಿ ಸುಳಿ ಒಂದೇ. ನೋಡಿ ನೋಡಿ ಕೈಗೆ ಬಂದ್ಬಿಡ್ತು. ಸಾಮೂಹಿಕ ಬೇಸಾಯದ ಕಾಲ ಅದು. ಒಳ್ಳೆ ಹಾಸು ಮಾಡಿದವ್ರಿಗೆ ಬಹುಮಾನ ಅಂದ್ರು. ಮುಖಂಡ ಬಂದು, 'ಈ ಸುಳಿ ಯಾರದು?' ಅಂದ. ಅತ್ತೆ ಪಕ್ಕದಲ್ಲೇ ಕೂತಿದ್ಲು. ನಾನು ಹೊಸ ಸೊಸೆ. 'ಅತ್ತೆಯವರದು' ಅಂದೆ. ಅವಳಿಗೆ ಶಾಲು ಕೊಟ್ರು, ನೀಲೀದು, ಅಂಚಿಗೆ ಗೊಂಡೆ ಇತ್ತು."

"ಅವರು ಏನೂ ಅನ್ಲಿಲ್ವಾ?"

"ಏನಂತಾಳೆ? ಹೊದ್ಕೊಂಡ್ಲು. ಹದಿನೆಂಟು ವರ್ಷ ಹೊದ್ಕೊಂಡ್ಲು. ಮದುವೆಗೆ ಹೋದ್ರೂ ಅದೇ, ಸಾವಿಗೆ ಹೋದ್ರೂ ಅದೇ. ನಾನೇ ತೊಳೀತಿದ್ದೆ ಅದನ್ನ." ಅತ್ತೆಯ ಧ್ವನಿಯಲ್ಲಿ ದೂರಿರಲಿಲ್ಲ. "ಆಮೇಲೆ ಊರಲ್ಲಿ ಎಲ್ಲಾರೂ ಆ ಸುಳಿ ಕತ್ತರಿಸಿದ್ರು. ನೀನೂ ಕತ್ತರಿಸ್ದೆ. ನಂಗೆ ಚೆನ್ನಾಗೇ ಇತ್ತು."

ಜೂರಕಾನ್ ಮೂಲೆಯನ್ನು ನೋಡಿದಳು. ಬಲಕ್ಕೆ ತಿರುಗುವ ಸುಳಿ, ಕೊನೆಯಲ್ಲಿ ತುಸು ಓರೆ. ಗಂಡ ತಲೆ ಬಗ್ಗಿಸಿ ಊಟಕ್ಕೆ ಕೂತಾಗ ಅವಳೂ ಅದನ್ನು ಎಷ್ಟು ಸಲ ನೋಡಿದ್ದಳು! ಅಂಗಡಿಯ ಹುಡುಗಿ ಕೇಳಿಯಾದರೂ ಕೇಳಿದ್ದಳು. ತಾನು ಇದೇ ಮನೆಯಲ್ಲಿ, ಇದೇ ಒಲೆಯ ಪಕ್ಕದಲ್ಲಿ ಕೂತವರನ್ನು ಒಂದು ಮಾತೂ ಕೇಳದೆ ತೆಗೆದುಕೊಂಡಿದ್ದಳು.

"ಅರ್ಜೀಲಿ ನಿಮ್ಮ ಹೆಸರೂ ಬರೀಲಾ ಅತ್ತೆ?"

"ಏಯ್, ತಲೆಕೆಟ್ಟವಳೇ! ಈ ವಯಸ್ಸಲ್ಲಿ ನಂಗ್ಯಾಕೆ? ಊರೆಲ್ಲ ನಗುತ್ತೆ. ಮುದುಕಿ ಸಾಯೋ ಕಾಲಕ್ಕೆ ಸುಳಿ ಕೇಳ್ಕೊಂಡು ಕಚೇರಿಗೆ ಹೋದ್ಲು ಅಂತಾರೆ. ನಿನ್ನದನ್ನ ನೀನು ನೋಡ್ಕೋ. ಹೋಗು, ಚಹಾಕ್ಕಿಡು."

ಜೂರಕಾನ್ ಒಳಗೆ ಹೋಗಿ ಚಹಾಕ್ಕಿಟ್ಟಳು. ನೀರು ಕಾಯುವವರೆಗೆ ಎಂದು ಕಿಟಕಿಯ ಬಳಿ ಅರ್ಜಿ ಬಿಡಿಸಿಕೊಂಡು ಕೂತಳು. ಮಾಡಿದವರ ಹೆಸರು ಎಂಬಲ್ಲಿ ತನ್ನ ಹೆಸರು ಬರೆದಳು. ಹೇಗೆ ರೂಪುಗೊಂಡಿತು ಎಂಬಲ್ಲಿ ಹಿಮದ ಬಗ್ಗೆ ಬರೆದಳು. ಬಾಗಿಲಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಬಾಗಿಲಿಗೆ, ಹೋದ ದಾರಿ ಮತ್ತು ಬಂದ ದಾರಿ. ಬರೆಯುತ್ತ ಹೋದಂತೆ ಕೊಟ್ಟಿದ್ದ ಜಾಗ ಸಾಲದೆ ಪಕ್ಕದ ಅಂಚಿಗೂ ಹೋಯಿತು.

ಕೊನೆಯ ಸಾಲು ಉಳಿಯಿತು. ಬೇರೆಯವರ ರಚನೆ ಸೇರಿದ್ದರೆ, ಯಾವ ಭಾಗ, ಯಾರದು. 'ನಾಲ್ಕು ಮೂಲೆಯ ಸುಳಿ' ಎಂದು ಬರೆದು ನಿಲ್ಲಿಸಿದಳು.

ಸೊಸೆಯಾದವಳು ಅತ್ತೆಯ ಹೆಸರು ಹಿಡಿಯುವಂತಿಲ್ಲ. ಈ ಮನೆಗೆ ಬಂದ ಇಪ್ಪತ್ತಾರು ವರ್ಷದಲ್ಲಿ ಜೂರಕಾನ್ ಒಮ್ಮೆಯೂ ಆ ಹೆಸರನ್ನು ಆಡಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗಲೂ ಪಕ್ಕದಲ್ಲಿದ್ದವರ ಮುಖ ನೋಡಿ ಅವರಿಂದ ಹೇಳಿಸಿದ್ದಳು. ಬರೆದಂತೂ ಇರಲೇ ಇಲ್ಲ. ಮೊದಲಕ್ಷರವನ್ನು ಹೇಗೆ ಶುರುಮಾಡಬೇಕು ಎಂದು ಒಂದು ಗಳಿಗೆ ಹಳೆಯ ಪತ್ರಿಕೆಯ ಅಂಚಿನ ಮೇಲೆ ಲೇಖನಿ ಆಡಿಸಿದಳು.

ಆಮೇಲೆ ಅರ್ಜಿಯ ಮೇಲೆ, ಗೂಟದಂತೆ ಒಂದೊಂದೇ ಅಕ್ಷರವನ್ನು ಊರುತ್ತ ಬರೆದಳು: ಊಲ್ಕಾನ್.

"ನೀರು ಉಕ್ತಾ ಇದೆ ಕಣೇ!" ಅಂಗಳದಿಂದ ಅತ್ತೆ ಕೂಗಿದರು. "ಬರೆದಾಯ್ತಾ?"

"ಆಯ್ತು ಅತ್ತೆ."

"ಏನ್ ಬರ್ದೆ?"

"ಕೇಳಿದ್ದಕ್ಕೆಲ್ಲ ಬರ್ದೆ."

ಶಾಯಿ ಇನ್ನೂ ಹಸಿಯಾಗಿತ್ತು. ಅವಳು ಹಾಳೆಯನ್ನು ಮಡಚದೆ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ಬೀಳುವ ಕಡೆ ಇಟ್ಟು, ಗಾಳಿಗೆ ಹಾರದಂತೆ ಅದರ ಅಂಚಿನ ಮೇಲೊಂದು ಚಹಾದ ಬಟ್ಟಲು ಬೋರಲು ಹಾಕಿದಳು. ಹೊರಗೆ ಅತ್ತೆ ಬೆಂಚಿನಿಂದ ಎದ್ದು, ಬೂಟು ಕಳಚಿ, ಹಾಸಿನ ಮೇಲೆ ಬರಿಗಾಲಿನಲ್ಲಿ ನಿಧಾನವಾಗಿ ನಡೆಯುತ್ತಿದ್ದರು.