ಎಡಮೂಲೆಯ ಮ್ಯಾಪು

"ಮತ್ತೆ ಹೋಯ್ತು ನೋಡು ಮ್ಯಾಪು" ಎಂದು ಗಂಡ ಆಟವನ್ನು ಅಲ್ಲೇ ನಿಲ್ಲಿಸಿ, ಕಂಟ್ರೋಲರನ್ನು ಮಂಚದ ಮೇಲೆ ಕುಕ್ಕಿದ. ಪರದೆಯ ಎಡ ಅರ್ಧದಲ್ಲಿ ಅವನ ಕೆಂಪು ಕಾರು ತಡೆಗೋಡೆಗೆ ಮೂತಿ ಒತ್ತಿಕೊಂಡು ನಿಂತಿತ್ತು. ಬಲ ಅರ್ಧದಲ್ಲಿ ಹೆಂಡತಿಯ ಹಳದಿ ಕಾರು ಆಗಲೇ ಮುಂದಿನ ತಿರುವಿನಲ್ಲಿತ್ತು. ಮ್ಯಾಪು ಎಲ್ಲಿಗೂ ಹೋಗಿರಲಿಲ್ಲ. ಅವನ ಅರ್ಧದ ಕೆಳಗಿನ ಎಡಮೂಲೆಯಲ್ಲಿ, ದಾರಿಯ ಅಂಕುಡೊಂಕುಗಳನ್ನೆಲ್ಲ ತೋರಿಸುತ್ತ, ಬಟ್ಟಲಿನಷ್ಟು ದುಂಡಗೆ ಕೂತಿತ್ತು. ಅವಳು ಬೆರಳು ಮಾಡಿ ತೋರಿಸಿದಾಗ ಅವನು ಕತ್ತು ತಿರುಗಿಸಿ ನೋಡಿದ. ನಿಲ್ಲಿಸಿದ ತಕ್ಷಣ ಬರುತ್ತದೆ, ಹೊರಟರೆ ಮಾಯವಾಗುತ್ತದೆ, ಇದೆಂಥ ದರಿದ್ರ ಮಾನಿಟರು ಎಂದು ಗೊಣಗಿದ.

ಅವನು ಶಾಲೆಯ ವ್ಯಾನು ಓಡಿಸುವವನು, ಅವಳು ಮನೆಯಲ್ಲೇ ಮಕ್ಕಳ ಯೂನಿಫಾರಂ ಹೊಲಿಯುವವಳು. ಐವತ್ತು ದಾಟಿದ ಗಂಡಹೆಂಡಿರು ಸಂಜೆಯಾಯಿತೆಂದರೆ ಭುಜಕ್ಕೆ ಭುಜ ತಾಗಿಸಿ ಕೂತು ಕಾರಿನ ಆಟ ಆಡುತ್ತಾರೆಂದರೆ ಕೇಳಿದವರು ನಗುತ್ತಿದ್ದರು. ನಗಲಿ, ನಗುವವರ ಮನೆಯಲ್ಲಿ ಸಂಜೆಗಳು ಹೇಗೆ ಕಳೆಯುತ್ತವೋ ಯಾರು ಕಂಡಿದ್ದಾರೆ. ಈ ಮನೆಯಲ್ಲಂತೂ ಮಕ್ಕಳಿರಲಿಲ್ಲ. ಇಬ್ಬರೂ ಮಾತಿಗೆ ಬರ ಬಂದವರಂತೆ ಒಂದೊಂದು ಮೂಲೆ ಹಿಡಿದು ಕೂರುತ್ತಿದ್ದ ಕಾಲದಲ್ಲಿ ಅವಳ ತಮ್ಮ ತಾನೊಂದು ಹೊಸ ಆಟದ ಕನ್ಸೋಲ್ ಕೊಂಡು ಹಳೆಯದನ್ನು ಅಕ್ಕನಿಗೆ ದಾಟಿಸಿದ್ದ. ಅಂದಿನಿಂದ ಮನೆಯಲ್ಲಿ ಜಗಳವಿತ್ತು, ಕೇಕೆಯಿತ್ತು, ಸೋತವರು ಪಾತ್ರೆ ತೊಳೆಯುವ ಕರಾರಿತ್ತು. ಈಚೆಗೆ ಪಾತ್ರೆ ಯಾವಾಗಲೂ ಅವನ ಪಾಲಿಗೇ ಬರುತ್ತಿತ್ತು. ಹೆಂಡತಿ ದಣಿದಿದ್ದಾಳೆಂದು ಬೇಕೆಂದೇ ಬಿಟ್ಟುಕೊಡುತ್ತಿದ್ದಾನೆ ಎಂದುಕೊಂಡು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು. ಬಾಯಿಬಿಟ್ಟು ಹೇಳಿದರೆ ಆ ಸುಖ ಕೆಟ್ಟೀತೆಂದು ಸುಮ್ಮನಿದ್ದಳು.

ಹಳೆಯ ಟೀವಿ ಚಿಕ್ಕದು, ದೂರದ ಗೋಡೆಗೆ ನೇತುಹಾಕಿದ್ದು. ಅದು ಕೈಕೊಟ್ಟಾಗ ಅಂಗಡಿಯವನು ಈ ಫೋರ್ ಕೆ ಮಾನಿಟರನ್ನು ಹೊಗಳಿ ಅಟ್ಟಕ್ಕೇರಿಸಿ ಇವರ ತಲೆಗೆ ಕಟ್ಟಿದ. ಅದು ಇಷ್ಟಗಲ ಇತ್ತು. ಕೇಬಲ್ಲು ಗಿಡ್ಡವಾದ್ದರಿಂದ ಅದನ್ನು ಹೊಲಿಗೆಯ ಮೇಜಿನ ಮೇಲೆ, ಮಂಚದಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇಟ್ಟರು. ಡಾಂಬರಿನ ಮೇಲಿನ ಜಲ್ಲಿಕಲ್ಲು, ದೂರದ ಮನೆಗಳ ಕಿಟಕಿಸರಳು, ಕಾರಿನ ಬಾನೆಟ್ಟಿನ ಮೇಲೆ ಹರಿಯುವ ಮೋಡ ಎಲ್ಲವೂ ಕಂಡವು. ಅವಳಿಗೆ ಮೊದಲ ದಿನ ತಲೆಯೇ ತಿರುಗಿತ್ತು.

ಅವನಿಗೆ ಮಾತ್ರ ಅದು ಒಗ್ಗಲಿಲ್ಲ. ಬೆಳಕು ಸಾಲದೆಂದು ಬ್ರೈಟ್‌ನೆಸ್ ಏರಿಸಿದ, ಆಮೇಲೆ ಕಣ್ಣು ಕುಕ್ಕುತ್ತದೆಂದು ಇಳಿಸಿದ. ಬಣ್ಣ ಮಂಕೆಂದು ಎಚ್‌ಡಿಆರ್ ಎಂಬ ಬಣ್ಣದ ಸೆಟ್ಟಿಂಗು ತೆಗೆದ, ಮತ್ತೆ ಹಾಕಿದ. ಕೊನೆಗೆ, ಮಾನಿಟರು ಚಿತ್ರದ ಎಡಗಡೆಯ ಅಂಚನ್ನು ಕತ್ತರಿಸಿ ಹಾಕುತ್ತಿದೆ ಎಂದು ತೀರ್ಮಾನಿಸಿ ಅಂಗಡಿಯವನನ್ನು ಕರೆಸಿದ. ಅವನು ಬಂದು ಕನ್ಸೋಲಿನಲ್ಲಿ ಪರದೆಯ ಅಳತೆ ಹೊಂದಿಸುವ ಪುಟ ತೆರೆದ. ನಾಲ್ಕು ಮೂಲೆಗೆ ನಾಲ್ಕು ಬಾಣ. ನಾಲ್ಕೂ ಅಂಚಿಗೆ ತಾಗಿದ್ದರೆ ಚಿತ್ರ ಪೂರ್ತಿ ಬರುತ್ತಿದೆ ಎಂದರ್ಥ. ಗಂಡ ಒಂದೊಂದನ್ನೇ ನೋಡಿ, ಇವೆ ಎಂದು ಒಪ್ಪಿಕೊಂಡ. ಅಂಗಡಿಯವನು ತಲೆ ಕೆರೆದುಕೊಂಡು, ಯಾವುದಕ್ಕೂ ಇರಲಿ ಎಂದು ಕೇಬಲ್ ಬದಲಿಸಿಕೊಟ್ಟು, ಕಾಫಿಯನ್ನೂ ಬೇಡವೆಂದು ಹೊರಟುಹೋದ.

ಮಾರನೆಯ ದಿನ ಗಂಡ ತಾನೇ ಆ ಪುಟ ತೆರೆದು ಬಾಣಗಳನ್ನು ಒಳಕ್ಕೆ, ಇನ್ನೂ ಒಳಕ್ಕೆ, ಕನ್ಸೋಲ್ ಬಿಟ್ಟಷ್ಟೂ ಒಳಕ್ಕೆ ಎಳೆದ. ಸುತ್ತ ಕಪ್ಪು ಅಂಚು ಬಿಟ್ಟು ಚಿತ್ರ ನಡುವೆ ಕುಗ್ಗಿ ಕೂತಿತು, ಅಣ್ಣನ ಅಂಗಿ ತೊಟ್ಟ ಮಗುವಿನ ಹಾಗೆ. ಅಷ್ಟು ದೊಡ್ಡ ಮಾನಿಟರು ತಂದು ಇಷ್ಟೇ ಇಷ್ಟು ನೋಡುವುದೇ ಎಂದು ಅವಳು ರೇಗಿಸಿದಳು. ಅವನು ನಗಲಿಲ್ಲ. ಆಡಲು ಶುರುಮಾಡಿದ, ಮತ್ತೆ ಮ್ಯಾಪು ಕಾಣದೆ ಕಾರನ್ನು ತಡೆಗೋಡೆಗೆ ಗುದ್ದಿದ.

ಆವತ್ತು ಸಂಜೆ ಅವಳು ತನ್ನ ಕಾರನ್ನು ಬದಿಗೆ ನಿಲ್ಲಿಸಿ ಎದ್ದಳು. ಹಿಂದೆ ಕೇಬಲ್ಲು ಸಡಿಲವಾಗಿರಬಹುದು, ಒತ್ತಿ ನೋಡುತ್ತೇನೆ, ನೀವು ಓಡಿಸುತ್ತಾ ಇರಿ ಎಂದಳು. ಮೇಜಿನ ಎಡಬದಿಗೆ ಹೋಗಿ, ಮಂಡಿಯೂರಿ, ಮಾನಿಟರಿನ ಹಿಂದಕ್ಕೆ ಒಂದು ಕೈ ತೂರಿಸಿದಳು. ಇನ್ನೊಂದು ಕೈಯನ್ನು ಆಯ ತಪ್ಪದಿರಲೆಂದು ಪರದೆಯ ಮೇಲೆಯೇ ಊರಿದಳು. ಅಂಗೈ ಸರಿಯಾಗಿ ಮ್ಯಾಪಿನ ಮೇಲಿತ್ತು. ಈಗ ಬೈಗುಳ ಬರುತ್ತದೆ ಎಂದು ಕಾದಳು. ಆಟದ ನಡುವೆ ಸೆರಗಿನ ತುದಿ ಅಡ್ಡ ಬಂದರೂ ಅವನು ಮನೆ ಮೇಲೆಕೆಳಗೆ ಮಾಡುತ್ತಿದ್ದವನು.

"ಬಂತಾ?" ಎಂದು ಕೇಳಿದಳು.

"ಇಲ್ಲ, ಇನ್ನೂ ಬಂದಿಲ್ಲ. ಗಟ್ಟಿಯಾಗಿ ಒತ್ತು."

ಅವಳು ಕೈಯನ್ನು ನಿಧಾನವಾಗಿ ಮೇಲಕ್ಕೆ ಸರಿಸಿದಳು. ಬೆರಳುಗಳನ್ನು ಅಗಲಿಸಿದಳು. ಮಡಿಚಿದಳು. ಕೆಂಪು ಕಾರು ಓಡುತ್ತಲೇ ಇತ್ತು.

"ರೀ, ನಿಲ್ಲಿಸ್ಬೇಡಿ. ದಾರಿ ನೋಡ್ತಾನೇ ಹೇಳಿ. ನನ್ನ ಕೈ ಎಲ್ಲಿದೆ?"

"ಹಿಂದ್ಗಡೆ ಇರ್ಬೇಕು. ನಂಗೇನು ಗೊತ್ತು, ನೀನೇ ಕಾಣ್ತಿಲ್ಲ."

ಅವನ ಮೊಣಕಾಲಿನಿಂದ ಗೇಣುದೂರದಲ್ಲಿ ಅವಳು ಕೂತಿದ್ದಳು. ಆ ಗಳಿಗೆಯಲ್ಲಿ ಅವಳಿಗೆ ಎಲ್ಲವೂ ಅರ್ಥವಾಯಿತು. ಹಳೆಯ ಟೀವಿ ದೂರದಲ್ಲಿ ಚಿಕ್ಕದಾಗಿತ್ತು, ಅದರ ಚಿತ್ರವೆಲ್ಲ ಅವನ ನೋಟದ ನಡುವಿನಲ್ಲೇ ಹಿಡಿಸುತ್ತಿತ್ತು. ಇದು ಹತ್ತಿರ ಬಂತು, ದೊಡ್ಡದಾಯಿತು, ಅದಕ್ಕೇ ಎಡಗಡೆಯದು ಹೊರಗೆ ಉಳಿಯಿತು. ಬಿಟ್ಟುಕೊಟ್ಟು ಸೋಲುತ್ತಿದ್ದ ಗಂಡ ಯಾರೂ ಇರಲಿಲ್ಲ. ವ್ಯಾನಿನ ಎಡಗಡೆಯ ಕನ್ನಡಿ ಮತ್ತೆಮತ್ತೆ ಒಡೆಯುತ್ತಿದ್ದುದೂ, ಅವನು ಕಂಡಕಂಡವರ ಪಾರ್ಕಿಂಗನ್ನು ಶಪಿಸುತ್ತ ಬರುತ್ತಿದ್ದುದೂ ನೆನಪಾದವು.

ಮಾನಿಟರೇ ಸರಿಯಿಲ್ಲ, ಹಿಂದಿರುಗಿಸಿ ಚಿಕ್ಕ ಟೀವಿಯನ್ನೇ ರಿಪೇರಿ ಮಾಡಿಸೋಣ ಎಂದುಬಿಡಬಹುದಿತ್ತು. ಅವನು ಖುಷಿಯಿಂದ ಒಪ್ಪುತ್ತಿದ್ದ. ಅವಳಿಗೂ ಆ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಬೆಳಗಾದರೆ ಅವನು ಆ ವ್ಯಾನಿನ ತುಂಬ ಮಕ್ಕಳನ್ನು ಕೂರಿಸಿಕೊಂಡು ಹೊರಡುವವನು. ಅವು ಇಳಿಯುವುದೂ ಎಡಗಡೆಯ ಬಾಗಿಲಿನಿಂದಲೇ.

"ಮಾನಿಟರು ಸರಿಯಾಗಿದೆ ರೀ" ಎಂದಳು. "ಎಡಗಡೆ ನಿಮ್ಗೇ ಕಾಣ್ತಿಲ್ಲ. ನಾಳೆ ವ್ಯಾನು ತೆಗೀಬೇಡಿ."

ಅವನು ತಿರುಗಿದ. ಪರದೆಯ ಮೇಲಿದ್ದ ಅವಳ ಕೈಯನ್ನು, ಆಮೇಲೆ ಅವಳ ಮುಖವನ್ನು, ಯಾರೋ ಬಾಗಿಲು ತಟ್ಟದೆ ಒಳಗೆ ಬಂದಿದ್ದಾರೆಂಬಂತೆ ನೋಡಿದ. ಆಮೇಲೆ ಕೂಗಾಡಿದ. ಇಷ್ಟು ವರ್ಷ ಓಡಿಸಿದ್ದಾನೆ, ಒಂದು ನಾಯಿಮರಿಗೂ ತಾಗಿಸಿಲ್ಲ, ಸೂಜಿಗೆ ದಾರ ಪೋಣಿಸುವವಳು ತನಗೆ ಕಣ್ಣಿನ ಪಾಠ ಹೇಳುವುದು ಬೇಡ ಎಂದ. ಅವನು ಧಡಧಡನೆ ಹೊರಗೆ ಹೋದ.

ಎಷ್ಟು ಹೊತ್ತಾದರೂ ಬರದಿದ್ದಾಗ ಅವಳು ಕಿಟಕಿಯಿಂದ ನೋಡಿದಳು. ಅವನು ವ್ಯಾನಿನ ಎಡಬದಿಯಲ್ಲಿ ನಿಂತು, ಗೀರುಗಳ ಮೇಲೆ ಕೈಯಾಡಿಸುತ್ತ ಮುಂದಿನಿಂದ ಹಿಂದಿನವರೆಗೆ ನಡೆಯುತ್ತಿದ್ದ. ಬಾಗಿಲಿನ ಮೆಟ್ಟಿಲ ಹತ್ತಿರ ನಿಂತುಬಿಟ್ಟ. ಒಳಗೆ ಬಂದವನು ಮಂಚದ ತುದಿಯಲ್ಲಿ ಕೂತು, ಕೇಳಿಸೀತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದ.

"ಆ ಚಿಕ್ಕೋಳಿದ್ದಾಳಲ್ಲ, ಮುಂದಿನ ಹಲ್ಲು ಬಿದ್ದಿರೋಳು. ಮೊನ್ನೆ ಇಳಿದೋಳು ಅಲ್ಲೇ ಚಕ್ರದ ಹತ್ರ ಕೂತು ಶೂ ಲೇಸ್ ಕಟ್ಕೊಳ್ತಿದ್ಳಂತೆ. ಹಿಂದ್ಗಡೆ ಮಕ್ಕಳು ಕೂಗಿದ್ರು. ನಾನು ಗಲಾಟೆ ಮಾಡ್ತಾವೆ ಅಂತ ಗದರಿದೆ. ಅವಳಮ್ಮ ಓಡಿಬಂದು ಎಳ್ಕೊಂಡ್ಳು."

ಅವಳು ಅವನ ಹತ್ತಿರ ಕೂತಳು.

"ನೋಡ್ಕೊಂಡೇ ಗೇರ್ ಹಾಕಿದ್ದು ಕಣೇ. ನೋಡಿದ್ದೆ ನಾನು. ಯಾರೂ ಇರ್ಲಿಲ್ಲ ಅಲ್ಲಿ."

ವ್ಯಾನಿನ ಯಜಮಾನನಿಗೆ ಅವನೇ ಫೋನು ಮಾಡಿದ. ಕಾರಣ ಕೇಳಿದ್ದಕ್ಕೆ ಕಣ್ಣು ಎಂದಷ್ಟೇ ಹೇಳಿದ. ಆಮೇಲೆ ಅಡುಗೆಮನೆಗೆ ಹೋಗಿ, ಯಾರೂ ಸೋಲದ ಆ ದಿನವೂ, ಪಾತ್ರೆಗಳನ್ನೆಲ್ಲ ತೊಳೆದಿಟ್ಟ. ಅವಳು ತಡೆಯಲಿಲ್ಲ, ನಲ್ಲಿಯ ಸದ್ದು ನಿಲ್ಲುವವರೆಗೆ ಕೂತಲ್ಲೇ ಕೂತು ಅತ್ತಳು.

ಕಣ್ಣಿನ ಡಾಕ್ಟರು ಒಂದೊಂದೇ ಕಣ್ಣು ಮುಚ್ಚಿಸಿ, ಚುಕ್ಕಿ ಬೆಳಕುಗಳನ್ನು ತೋರಿಸಿ ಪರೀಕ್ಷಿಸಿದರು. ಕಣ್ಣಿನೊಳಗಿನ ಒತ್ತಡ ಸದ್ದಿಲ್ಲದೆ ನರವನ್ನು ಒಣಗಿಸಿದೆ, ಎಡಗಣ್ಣಂತೂ ಹೆಚ್ಚುಕಡಿಮೆ ಹೋದಂತೆಯೇ, ಬಲಗಣ್ಣಿನಲ್ಲೂ ಮೂಗಿನ ಕಡೆಯ, ಎಂದರೆ ಎಡಗಡೆಯ, ನೋಟ ಹೋಗಿದೆ ಎಂದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳುತ್ತಿರಬೇಕು ಎಂದರು. ನೋವಿರಲಿಲ್ಲವಲ್ಲ, ಕತ್ತಲೆಯೂ ಇರಲಿಲ್ಲವಲ್ಲ ಎಂದು ಅವನು ಮತ್ತೆಮತ್ತೆ ಕೇಳಿದ. ಇರುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ ಎಂದರು ಡಾಕ್ಟರು.

ಹೊಸ ಡ್ರೈವರು ಮಕ್ಕಳನ್ನು ಕರೆದುಕೊಂಡು ಇದೇ ಬೀದಿಯಲ್ಲಿ ಹಾದುಹೋಗುತ್ತಾನೆಂದು ಗೊತ್ತಾದ ಬೆಳಗ್ಗೆ ಅವನು ಬೇಗ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಗೇಟಿನ ಬಳಿ ಹೋಗಿ ನಿಂತ. ಅವಳು ಹೊಲಿಗೆ ಬಿಟ್ಟು ಬಂದು ಪಕ್ಕದಲ್ಲಿ ನಿಂತಳು. ವ್ಯಾನು ಬಲಗಡೆಯಿಂದ ಬಂತು. ಮಕ್ಕಳು ಕಿಟಕಿಗಳಿಗೆ ಮುಗಿಬಿದ್ದು ಮಾಮ, ಮಾಮ ಎಂದು ಕಿರುಚುತ್ತ ಕೈಬೀಸಿದವು. ಅವನೂ ಕೈ ಎತ್ತಿದ. ಮುಖ ಅರಳಿತು. ವ್ಯಾನು ಅವನೆದುರಿಗೆ ಬಂತು, ದಾಟಿತು.

"ಹೋಯ್ತು" ಎಂದು ಅವನು ಕೈ ಇಳಿಸಿದ.

ವ್ಯಾನು ಇನ್ನೂ ಪಕ್ಕದ ಮನೆಯ ಮುಂದಿತ್ತು. ಪುಟ್ಟ ಕೈಗಳು ಹಿಂದಿನ ಕಿಟಕಿಯಲ್ಲಿ ಇನ್ನೂ ಆಡುತ್ತಲೇ ಇದ್ದವು.

"ಹೂಂ, ಹೋಯ್ತು" ಎಂದು ಅವಳು, ವ್ಯಾನು ಬೀದಿಯ ಕೊನೆಯಲ್ಲಿ ತಿರುಗುವವರೆಗೂ ಅವನ ಪರವಾಗಿ ಕೈ ಬೀಸುತ್ತ ನಿಂತಳು.