ಏಳನೇ ಮಂಚದ ಖಾಲಿ ಉತ್ತರ

"ಇಂಜಿನಿಯರಮ್ಮಾ, ಬೈಬೇಡಿ," ಫೋನಿನಲ್ಲಿ ನರ್ಸ್ ಮದೀಹಾ ಪಿಸುಗುಟ್ಟಿದಳು. "ನಾಲ್ಕನೇ ಮಂಚದ ಅಜ್ಜಿ ಪೆನ್ಸಿಲಿನ್ ಬೇಡ ಅಂತ ನನ್ನ ಕೈ ಹಿಡ್ಕೊಂಡು ಬಿಡ್ತಿಲ್ಲ. ಹಿಂದೆ ಮೈಯೆಲ್ಲಾ ಊದಿತ್ತಂತೆ. ನಿಮ್ಮ ಕಂಪ್ಯೂಟರ್ ಪರದೆ ನೋಡಿದ್ರೆ ಒಗ್ಗದ ಔಷಧಿ ಏನೂ ಇಲ್ಲ ಅನ್ನುತ್ತೆ. ಯಾರನ್ನ ನಂಬ್ಲಿ?"

"ಅಜ್ಜಿನ ನಂಬು," ಎಂದಳು ಶಾಹಿರಾ.

ಅಲೆಕ್ಸಾಂಡ್ರಿಯಾದ ಆಸ್ಪತ್ರೆಗಳ ಪ್ರಶ್ನೆಗಳನ್ನು ರೋಗಿಗಳ ಕೇಂದ್ರ ದಾಖಲೆಗೆ ಒಯ್ದು ಉತ್ತರ ತರುವ ಸಾಫ್ಟ್‌ವೇರ್ ಬರೆದವಳು ಅವಳೇ. ಮದೀಹಾಳ ಪ್ರಶ್ನೆಯನ್ನೇ ಅವಳು ತನ್ನ ಸಾಫ್ಟ್‌ವೇರ್ ಬಿಟ್ಟು ನೇರವಾಗಿ ಕೇಂದ್ರಕ್ಕೆ ಕಳಿಸಿದಳು. ಉತ್ತರ ಬಂತು: ಗುರುತಿನ ಸಂಖ್ಯೆ ಓದಲಾಗಲಿಲ್ಲ.

ಅಜ್ಜಿಯ ಗುರುತಿನ ಕಾರ್ಡಿನಲ್ಲಿರುವಂತೆ ಮದೀಹಾ ಅರಬ್ಬಿ ಲಿಪಿಯ ಅಂಕಿಗಳಲ್ಲೇ ಒತ್ತಿದ್ದಳು. ಕೇಂದ್ರದ ಯಂತ್ರಕ್ಕೆ ಇಂಗ್ಲಿಷ್ ಅಂಕಿ ಬಿಟ್ಟು ಬೇರೇನೂ ತಿಳಿಯದು. ಈಜಿಪ್ಟಿನವರ ಜೀವ ಕಾಯುವ ಯಂತ್ರಕ್ಕೆ ಈಜಿಪ್ಟಿನವರ ಅಂಕಿ ಬಾರದು!

ಮೂರು ತಿಂಗಳ ಹಿಂದೆ ಇಂಥ ತಪ್ಪು ಬಂದರೆ ಪರದೆ ಕೆಂಪಾಗುತ್ತಿತ್ತು. "ಕೆಂಪು ಕಂಡ್ರೆ ಡಾಕ್ಟ್ರು ನಮ್ಮ ತಲೆ ತಿಂತಾರೆ, ಹಬೀಬ್ತಿ, ನನ್ನ ಬಂಗಾರ," ಎಂದಿದ್ದ ಕಂಪನಿಯ ಯಜಮಾನ ವಗೀಹ್. "ಗುತ್ತಿಗೆ ಕೈ ತಪ್ಪುತ್ತೆ. ತಪ್ಪಾದ್ರೆ ಖಾಲಿ ಪಟ್ಟಿ ಕೊಟ್ಬಿಡು." ಕೆಲಸ ಹೋದೀತೆಂದು ಅವಳು ಬಾಯಿ ಮುಚ್ಚಿಕೊಂಡು ಆ ಒಂದು ಸಾಲು ಬರೆದಿದ್ದಳು. ಅಂದಿನಿಂದ ದಾಖಲೆ "ಗೊತ್ತಿಲ್ಲ" ಎಂದರೆ ಪರದೆ "ಏನೂ ಇಲ್ಲ" ಎನ್ನುತ್ತಿತ್ತು.

ಶಾಹಿರಾ ಅಂಕಿಗಳ ವಿಷಯ ಹೇಳಿದಳು. "ಅಯ್ಯೋ," ಎಂದಳು ಮದೀಹಾ. "ಏಳನೇ ಮಂಚದವರದ್ದೂ ಹಾಗೇ ಒತ್ತಿದ್ದೆ. ಅವರಿಗೆ ಈಗ ಡ್ರಿಪ್ಪಲ್ಲಿ ಪೆನ್ಸಿಲಿನ್ ಹೋಗ್ತಾ ಇದೆ."

ಮದೀಹಾ ಓದಿ ಹೇಳಿದ ಏಳನೆಯವನ ಸಂಖ್ಯೆಯನ್ನು ಶಾಹಿರಾ ಇಂಗ್ಲಿಷ್ ಅಂಕಿಗಳಲ್ಲಿ ಒತ್ತಿದಳು. ದಾಖಲೆ ತೆರೆಯಿತು. ಒಗ್ಗದ ಔಷಧಿ: ಪೆನ್ಸಿಲಿನ್. ಹಿಂದೊಮ್ಮೆ ಉಸಿರು ಕಟ್ಟಿದೆ.

"ಕಿತ್ತು ಹಾಕು! ಓಡು!"

ಚಪ್ಪಲಿಗಳ ಸದ್ದು ದೂರವಾಯಿತು. ಫೋನ್ ತೆರೆದೇ ಇತ್ತು. ಯಾರೋ ಡಾಕ್ಟರನ್ನು ಕೂಗಿದರು. ಲೋಹದ ತಟ್ಟೆಯೊಂದು ನೆಲಕ್ಕೆ ಬಿತ್ತು.

ಶಾಹಿರಾ ಖಾಲಿ ಪಟ್ಟಿಯ ಆ ಸಾಲನ್ನು ಅಳಿಸಿದಳು. ಕೆಂಪು ಪರದೆ ಮರಳಿ ತಂದು ಅದರಲ್ಲಿ ಬರೆದಳು: ದಾಖಲೆ ಓದಲಾಗಲಿಲ್ಲ, ಕಾರಣ ಇದು, ಔಷಧಿ ಕೊಡಬೇಡಿ. ಊರಿನ ಎಲ್ಲ ಆಸ್ಪತ್ರೆಗಳಿಗೂ ಕಳಿಸಿದಳು. ನಿಮಿಷದೊಳಗೆ ಕಚೇರಿಯ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಂಡವು.

ವಗೀಹ್ ಚಹಾ ಲೋಟ ಹಿಡಿದೇ ನುಗ್ಗಿದ. "ಊರೆಲ್ಲಾ ಕೆಂಪು ಮಾಡಿದ್ದೀಯಲ್ಲೇ! ಡಾಕ್ಟ್ರು ಹೆದರ್ಕೊಂಡಿದಾರೆ!"

"ಹೆದರ್ಲಿ. ಮೂರು ತಿಂಗಳಿಂದ ಹೆದರ್ಬೇಕಿತ್ತು."

ಕಿವಿಯಲ್ಲಿ ಮದೀಹಾಳ ಏದುಸಿರು ಕೇಳಿತು. "ಏಳನೆಯವರ ಮುಖ ಊದಿದೆ. ಉಸಿರಿದೆ, ಡಾಕ್ಟ್ರು ಹತ್ರಾನೇ ಇದಾರೆ." ಅವಳು ಕಾಗದ ಮಗುಚಿದ ಸದ್ದಾಯಿತು. "ಇಂಜಿನಿಯರಮ್ಮಾ, ಬೆಳಗ್ಗಿಂದ ನಾನೊಬ್ಬಳೇ ಹನ್ನೊಂದು ಜನಕ್ಕೆ ಪೆನ್ಸಿಲಿನ್ ಚುಚ್ಚಿದ್ದೀನಿ. ಎಲ್ಲಾರ ನಂಬರೂ ಅರಬ್ಬಿ ಅಂಕಿಲೇ ಒತ್ತಿದ್ದು."

ವಗೀಹ್ ಲೋಟವನ್ನು ಮೇಜಿನ ಮೇಲಿಟ್ಟ. ಶಾಹಿರಾ ಅವನತ್ತ ನೋಡಲಿಲ್ಲ.

"ಮೊದಲನೆಯವರ ನಂಬರ್ ಓದು," ಎಂದಳು. "ನಿಧಾನಕ್ಕೆ."